ಖರ್ಜೂರದ ಮರವನ್ನು ಕೆಂಪು ಮೂತಿ ಹುಳುವಿನಿಂದ ಉಳಿಸಿಕೊಳ್ಳುವುದು ಹೇಗೆ? ಬುಡದಿಂದ ಶುರುಮಾಡಿ

ತಲೆ ತುಂಬ ಹಸಿರು ಗರಿ, ಗೊನೆಯೂ ಬಿಟ್ಟಿದೆ. ಒಂದು ದಿನ ಜೋರು ಗಾಳಿ ಬೀಸಿದಾಗ ಅದೇ ಮರ ಸೊಂಟದೆತ್ತರದಲ್ಲಿ ಮುರಿದು ಬೀಳುತ್ತದೆ. ಮುರಿದ ಜಾಗ ನೋಡಿದರೆ ಒಳಗೆ ತಿರುಳೇ ಇಲ್ಲ. ಒದ್ದೆ ನಾರಿನ ಹುಡಿ, ಹುಳಿ ವಾಸನೆ, ಕೊಬ್ಬಿದ ಬಿಳಿ ಹುಳುಗಳು. ಗಲ್ಫ್‌ನಲ್ಲಿ ಖರ್ಜೂರದ ತೋಟ ನೋಡಿಕೊಳ್ಳುವವರು ಇದನ್ನು ಒಮ್ಮೆಯಾದರೂ ಕಂಡೇ ಇರುತ್ತಾರೆ. ಹೀಗೆ ಬೀಳುವ ಮರಗಳಲ್ಲಿ ಎಷ್ಟೋ ಮರಗಳನ್ನು ಮೊದಲೇ ಬುಡ ನೋಡಿದ್ದರೆ ಉಳಿಸಬಹುದಿತ್ತು. ಈ ಬರಹ ಅದಕ್ಕಾಗಿಯೇ.

ಖರ್ಜೂರಕ್ಕೆ ಬರುವ ಕೀಟಗಳು ಬೇಕಾದಷ್ಟಿವೆ. ಕೆಲವು ಕಾಯಿ ಉದುರಿಸುತ್ತವೆ, ಕೆಲವು ಗರಿಯ ರಸ ಹೀರುತ್ತವೆ. ಅವುಗಳಿಂದ ಒಂದು ವರ್ಷದ ಫಸಲು ಹೋಗಬಹುದು. ಆದರೆ ಕೆಂಪು ಮೂತಿ ಹುಳು ಮರವನ್ನೇ ಕೊಲ್ಲುತ್ತದೆ. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಅದರ ಬಗ್ಗೆಯೇ.

ನಮ್ಮ ತೆಂಗಿನ ತೋಟದವರಿಗೆ ಈ ಹುಳುವಿನ ಪರಿಚಯ ಚೆನ್ನಾಗಿದೆ. ತೆಂಗಿನ ಸುಳಿ ಒಣಗಿಸುವುದೂ, ಯುಎಇಯ ಅಲ್ ಐನ್ ಅಥವಾ ಸೌದಿಯ ಅಲ್ ಹಸಾದ ಖರ್ಜೂರದ ಬುಡ ಟೊಳ್ಳು ಮಾಡುವುದೂ ಒಂದೇ ಹುಳು. ಊರ ಈಚಲು ಮರಕ್ಕೂ ಅದು ಬರುತ್ತದೆ. ಬಯಲುಸೀಮೆಯಲ್ಲಿ ಈಗ ಬಾರ್ಹಿ ತಳಿ ನೆಡುತ್ತಿರುವ ರೈತರು ಇದನ್ನು ನೆನಪಿಡಬೇಕು. ನಿಮ್ಮ ತೋಟಕ್ಕೆ ಹುಳು ಗಲ್ಫ್‌ನಿಂದ ಬರಬೇಕಾಗಿಲ್ಲ. ಪಕ್ಕದ ತೆಂಗಿನಲ್ಲೇ ಇರಬಹುದು.

ಹುಳು ಬದುಕುವ ರೀತಿ

ಈ ಹುಳು ಬೆಳೆದು ದುಂಬಿಯಾದಾಗ ಸುಮಾರು 35 ಮಿಲಿಮೀಟರ್ ಉದ್ದ ಇರುತ್ತದೆ. ಬಣ್ಣ ಕಂದುಗೆಂಪು, ಬೆನ್ನಿನ ಮುಂಭಾಗದಲ್ಲಿ ಕಪ್ಪು ಚುಕ್ಕೆ, ಮುಂದಕ್ಕೆ ಬಾಗಿದ ಉದ್ದ ಮೂತಿ. ಗಂಡಿನ ಮೂತಿಯ ಮೇಲೆ ಗಿಡ್ಡ ಕೂದಲಿರುತ್ತದೆ, ಹೆಣ್ಣಿನ ಮೂತಿ ನುಣುಪು. ಹೆಣ್ಣು ಮರದ ಮೆತ್ತನೆ ಜಾಗದಲ್ಲಿ ಮೂತಿಯಿಂದ ಸಣ್ಣ ತೂತು ಮಾಡಿ ಮೊಟ್ಟೆ ಇಡುತ್ತದೆ. ಹಳೆಯ ಗಾಯ, ಬಿರುಕು, ಬುಡದಲ್ಲಿ ಚಿಗುರುವ ಮರಿಗಿಡ ಕಿತ್ತ ಜಾಗ ಸಿಕ್ಕರೆ ಅದಕ್ಕೆ ಇನ್ನೂ ಸುಲಭ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ 200ರಿಂದ 300 ಮೊಟ್ಟೆ ಇಡಬಹುದು.

ಮೂರ್ನಾಲ್ಕು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿಹುಳುವಿಗೆ ಕಾಲಿಲ್ಲ. ಮೈ ಬಿಳಿ, ತಲೆ ಕಂದು, ದವಡೆ ಮಾತ್ರ ಬಹಳ ಗಟ್ಟಿ. ಒಂದರಿಂದ ಮೂರು ತಿಂಗಳು ಕಾಂಡದೊಳಗೆ ತಿನ್ನುತ್ತಾ ಸುರಂಗ ಕೊರೆಯುತ್ತದೆ, 5 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಆಮೇಲೆ ನಾರನ್ನು ಸುತ್ತಿಕೊಂಡು ಗೂಡು ಕಟ್ಟುತ್ತದೆ. ಎರಡು ಮೂರು ವಾರ ಕಳೆದರೆ ಹೊಸ ದುಂಬಿ ಹೊರಗೆ. ಮೊಟ್ಟೆಯಿಂದ ದುಂಬಿಯವರೆಗೆ ಒಟ್ಟು ಮೂರರಿಂದ ನಾಲ್ಕು ತಿಂಗಳು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಸ ದುಂಬಿ ಹಾರಿಹೋಗಲೇಬೇಕು ಎಂದೇನಿಲ್ಲ. ಒಳಗೆ ತಿನ್ನಲು ತಿರುಳಿದ್ದರೆ ಅದೇ ಮರದಲ್ಲಿ ಜೋಡಿಯಾಗಿ, ಅಲ್ಲೇ ಮತ್ತೆ ಮೊಟ್ಟೆ ಇಡುತ್ತದೆ. ಮೊಟ್ಟೆ, ಮರಿಹುಳು, ಗೂಡು, ದುಂಬಿ ನಾಲ್ಕೂ ಒಂದೇ ಕಾಂಡದಲ್ಲಿ ಸಿಗುವುದು ಅದಕ್ಕೇ.

ಇಷ್ಟಾದರೂ ತಲೆ ಹಸಿರಾಗಿರುವುದು ಹೇಗೆ? ಮಾವು, ಹಲಸಿನಂಥ ಮರಗಳಲ್ಲಿ ತೊಗಟೆಯ ಕೆಳಗೆ ಬೆಳೆಯುವ ಪದರವೊಂದಿದೆ. ಗಾಯವಾದರೆ ಅದು ನಿಧಾನವಾಗಿ ಮುಚ್ಚುತ್ತದೆ. ಖರ್ಜೂರಕ್ಕೆ ಆ ಪದರವೇ ಇಲ್ಲ. ನೀರು ಸಾಗಿಸುವ ನಾಳಗಳು ಕಾಂಡದ ಉದ್ದಗಲಕ್ಕೂ ಚದುರಿಕೊಂಡಿವೆ. ಒಂದು ಭಾಗ ಹುಳು ತಿಂದರೂ ಉಳಿದ ನಾಳಗಳು ಮೇಲಕ್ಕೆ ನೀರು ಕಳಿಸುತ್ತಲೇ ಇರುತ್ತವೆ. ಗರಿ ಬಾಡುವ ಹೊತ್ತಿಗೆ ಒಳಗೆ ಬಹಳ ಹಾಳಾಗಿರುತ್ತದೆ. ಆಗಿರುವ ಗಾಯ ಮುಚ್ಚುವುದೂ ಇಲ್ಲ. ಆದ್ದರಿಂದ ಕತ್ತೆತ್ತಿ ಗರಿ ನೋಡಿ ಮರ ಚೆನ್ನಾಗಿದೆ ಎಂದುಕೊಳ್ಳಬೇಡಿ. ಕೂತು ಬುಡ ನೋಡಿ.

ಮೊದಲ ಹೆಜ್ಜೆ: ಮರಿಗಿಡ ತರುವಾಗಲೇ ತಡೆಯಿರಿ

ಹುಳು ಕೆಲವು ಕಿಲೋಮೀಟರ್ ಹಾರಬಲ್ಲದು. ಆದರೆ ದೇಶದಿಂದ ದೇಶಕ್ಕೆ ಅದು ಹಾರಿಕೊಂಡು ಹೋಗಿಲ್ಲ. ನಾವೇ ಲಾರಿಯಲ್ಲಿ, ಹಡಗಿನಲ್ಲಿ ಹೊತ್ತು ಸಾಗಿಸಿದ್ದೇವೆ. ಇದರ ಮೂಲ ದಕ್ಷಿಣ ಮತ್ತು ಆಗ್ನೇಯ ಏಷ್ಯಾ. ಭಾರತದಲ್ಲಿ ಖರ್ಜೂರದ ಮೇಲೆ ಇದು ದಾಖಲಾದದ್ದು 1917ರಲ್ಲಿ. 1980ರ ದಶಕದ ನಡುವೆ ಯುಎಇ, ಸೌದಿಗೆ ಬಂತು. ಸೌದಿಯಲ್ಲಿ ಮೊದಲು ಕಂಡದ್ದು 1987ರಲ್ಲಿ, ಪೂರ್ವ ಪ್ರಾಂತ್ಯದ ಕತೀಫ್‌ನಲ್ಲಿ. 1990ರ ದಶಕದಲ್ಲಿ ಈಜಿಪ್ಟ್, ಒಮಾನ್, ಸ್ಪೇನ್ ತಲುಪಿತು. ಹುಳು ಒಳಗಿದ್ದ ಮರಿಗಿಡ ಮತ್ತು ಅಲಂಕಾರದ ತಾಳೆ ಮರಗಳ ಸಾಗಣೆಯೇ ಇಷ್ಟಕ್ಕೂ ದಾರಿ ಮಾಡಿತು.

ತಡೆಯಬಹುದು ಎನ್ನುವುದಕ್ಕೂ ಉದಾಹರಣೆ ಇದೆ. ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ 2005ರಲ್ಲಿ ಹುಳು ಕಂಡಿತು. ಹೊರಗಿನ ತಾಳೆ ಗಿಡ ತರುವುದನ್ನು ನಿಲ್ಲಿಸಿದರು, ಮರಗಳನ್ನು ಒಂದೊಂದಾಗಿ ತಪಾಸಣೆ ಮಾಡಿದರು, ಹುಳು ಹಿಡಿದವನ್ನು ತೆಗೆದರು, ಬಲೆ ಇಟ್ಟರು. 2016ರಲ್ಲಿ ಅಲ್ಲಿ ಹುಳು ಇಲ್ಲ ಎಂದು ಘೋಷಿಸಿದರು.

ನೀವು ಮಾಡಬೇಕಾದದ್ದು ಇಷ್ಟು. ಸಾಧ್ಯವಾದರೆ ಅಂಗಾಂಶ ಕೃಷಿಯ ಗಿಡವನ್ನೇ ತನ್ನಿ. ಕುಂಡದಲ್ಲಿ ಬೆಳೆದ ಸಣ್ಣ ಗಿಡದಲ್ಲಿ ಹುಳು ಅಡಗಿ ಬರುವ ಅಪಾಯ ಬಹಳ ಕಡಿಮೆ. ಮರದ ಬುಡದಿಂದ ಕಿತ್ತ ಮರಿ ತರುವುದಾದರೆ ತಾಯಿ ಮರವನ್ನು ನೋಡದೆ ದುಡ್ಡು ಕೊಡಬೇಡಿ. ತಾಯಿ ಮರದಲ್ಲಿ ಅನುಮಾನ ಬಂದರೆ ಮರಿ ಎಷ್ಟೇ ಚೆನ್ನಾಗಿದ್ದರೂ ಬೇಡ. ಕಿತ್ತ ಮರಿಯ ಬುಡ ತಿರುಗಿಸಿ ನೋಡಿ. ಕಡಿದ ಮೈ ಒಣಗಿ ಗಟ್ಟಿಯಾಗಿ ಬಿಳಿಯಾಗಿದ್ದರೆ ಸರಿ. ತೂತು, ಕಂದು ರಸ, ಹುಡಿ ಇದ್ದರೆ ಅಲ್ಲೇ ಬಿಡಿ.

ಮರಿಯನ್ನು ಸಾಗಿಸುವ ಮುಂಚೆ ಔಷಧಿಯಲ್ಲಿ ಅದ್ದುವುದು ಒಳ್ಳೆಯದು. ಸೌದಿಯಲ್ಲಿ ಪ್ರಯೋಗ ಮಾಡಿ ಶಿಫಾರಸು ಮಾಡಿದ್ದು 0.004 ಶೇಕಡಾ ಫಿಪ್ರೊನಿಲ್ ದ್ರಾವಣದಲ್ಲಿ 30 ನಿಮಿಷ. 5 ಶೇಕಡಾ ಎಸ್‌ಸಿ (ಫಿಪ್ರೊನಿಲ್ 5 ಶೇಕಡಾ ಇರುವ ದ್ರವ) ಔಷಧಿಯಾದರೆ ಲೀಟರ್ ನೀರಿಗೆ 0.8 ಮಿಲಿಲೀಟರ್ ಬೀಳುತ್ತದೆ. ನೀವಿರುವ ಕಡೆ ಖರ್ಜೂರಕ್ಕೆ ಅದನ್ನು ಬಳಸಲು ಒಪ್ಪಿಗೆ ಇದೆಯೇ ಎಂದು ಕೃಷಿ ಇಲಾಖೆಯಲ್ಲಿ ಮೊದಲು ಕೇಳಿ. ಕೈಗವಸು ಹಾಕಿಕೊಳ್ಳಿ. ಉಳಿದ ನೀರನ್ನು ಕೆರೆ, ಕಾಲುವೆ, ಫಲಜ್ (ಒಮಾನ್, ಯುಎಇಯ ಹಳೆಯ ನೀರಾವರಿ ಕಾಲುವೆ) ಯಾವುದಕ್ಕೂ ಸೇರಿಸಬೇಡಿ.

ಎರಡನೇ ಹೆಜ್ಜೆ: ನೀರು, ಅಂತರ, ಕತ್ತಿ

ಬುಡ ಸದಾ ಒದ್ದೆಯಾಗಿದ್ದರೆ ಹುಳುವಿಗೆ ಅನುಕೂಲ. ಕಾಂಡಕ್ಕೆ ತಾಗುವಂತೆ ನೀರು ನಿಲ್ಲಿಸುವ ಪದ್ಧತಿ ಇದ್ದರೆ ಬದಲಾಯಿಸಿ. ಕಾಂಡದ ಸುತ್ತ ಮಣ್ಣು ಏರಿಸಿ ಒಣಗಿದ ಜಾಗ ಮಾಡಿ, ನೀರು ಅದರಾಚೆ ಬೀಳಲಿ. ಡ್ರಿಪ್ ಇದ್ದರೆ ಪೈಪನ್ನು ಬುಡದಿಂದ ದೂರ ಸರಿಸಿ. ಮರದಿಂದ ಮರಕ್ಕೆ 8 ಮೀಟರ್ ಅಂತರ ಇದ್ದರೆ ಗಾಳಿ ಬೆಳಕು ಆಡುತ್ತದೆ, ತಪಾಸಣೆಗೂ ಸಲೀಸು.

ಕತ್ತಿ ಹಾಕುವಾಗ ಜಾಸ್ತಿ ಎಚ್ಚರ ಬೇಕು. ಹಸಿ ಗಾಯದಿಂದ ಬರುವ ಹುಳಿ ವಾಸನೆಗೆ ದುಂಬಿ ಹುಡುಕಿಕೊಂಡು ಬರುತ್ತದೆ. ಅದಕ್ಕೇ ಗಲ್ಫ್‌ನಲ್ಲಿ ಗರಿ ಕಡಿಯುವುದು, ಮರಿ ಬೇರ್ಪಡಿಸುವುದು ಎರಡನ್ನೂ ದುಂಬಿಯ ಓಡಾಟ ಕಡಿಮೆ ಇರುವ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಒಣಗಿದ ಗರಿ ಮಾತ್ರ ತೆಗೆಯಿರಿ. ಚೆಂದ ಕಾಣಲಿ ಎಂದು ಸುಮ್ನೆ ಹಸಿರು ಗರಿ ಸವರಿ ಕಾಂಡವನ್ನು ನುಣುಪು ಮಾಡುವವರಿದ್ದಾರೆ. ದಯವಿಟ್ಟು ಬೇಡ. ಮರಿ ಕಿತ್ತ ಗಾಯಕ್ಕೆ ಅದೇ ದಿನ ಕೀಟನಾಶಕ ಬಳಿದು ಮಣ್ಣಿನಿಂದ ಮುಚ್ಚಿ. ನಾಳೆ ಎಂದರೆ ಅಷ್ಟರಲ್ಲಿ ದುಂಬಿ ಬಂದಿರುತ್ತದೆ.

ಇಲ್ಲಿ ಕುರುವಾಯಿ ದುಂಬಿಯ ಮಾತೂ ಬರಬೇಕು. ತಲೆಯ ಮೇಲೆ ಕೊಂಬಿರುವ ಕಪ್ಪು ದುಂಬಿ, ತೆಂಗಿನವರಿಗೆ ಗೊತ್ತಿರುವುದೇ. ಗಲ್ಫ್‌ನಲ್ಲಿ ಇದರ ಹತ್ತಿರದ ಬಂಧುಗಳಿವೆ. ಅದು ಗರಿಯ ಬುಡ ಕೊರೆದು ಹೋದ ಗಾಯದಲ್ಲಿ ಕೆಂಪು ಮೂತಿ ಹುಳು ಮೊಟ್ಟೆ ಇಡುತ್ತದೆ. ಕುರುವಾಯಿ ಹುಟ್ಟುವುದು ಗೊಬ್ಬರದ ಗುಂಡಿಯಲ್ಲಿ, ಕೊಳೆತ ಕಾಂಡದಲ್ಲಿ. ಗುಂಡಿಯನ್ನು ಆಗಾಗ ಕೆದಕಿ ಹುಳು ಆರಿಸಿ, ಹುಳು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರ ಬೆರೆಸಿ. ಎಳೆ ಗಿಡಗಳ ಸುಳಿಯ ಹತ್ತಿರದ ಗರಿ ಕಂಕುಳಲ್ಲಿ ಬೇವಿನ ಹಿಂಡಿಗೆ ಸಮಪ್ರಮಾಣದ ಮರಳು ಬೆರೆಸಿ ತುಂಬುವುದು ನಮ್ಮ ತೆಂಗಿನ ತೋಟಗಳ ಹಳೆಯ ರೂಢಿ. ಖರ್ಜೂರಕ್ಕೂ ಮಾಡಬಹುದು.

ಮೂರನೇ ಹೆಜ್ಜೆ: ಬುಡದ ತಪಾಸಣೆ

ಇಡೀ ಕೆಲಸದ ತಿರುಳು ಇದೇ. ಖರ್ಜೂರದಲ್ಲಿ ಹುಳು ಹೆಚ್ಚಾಗಿ ನೆಲದಿಂದ 2 ಮೀಟರ್ ಒಳಗೇ ಸೇರುತ್ತದೆ. ತೆಂಗಿನ ಹಾಗೆ ಮರ ಹತ್ತಬೇಕಾಗಿಲ್ಲ, ಒಳ್ಳೆಯದೇ ಆಯ್ತು ಅಲ್ವಾ? 20 ವರ್ಷದ ಒಳಗಿನ ಮರಗಳಿಗೆ ಅಪಾಯ ಜಾಸ್ತಿ, ಬುಡದ ಸುತ್ತ ಮರಿಗಳಿದ್ದರೆ ಇನ್ನೂ ಜಾಸ್ತಿ. ಅಂಥ ಮರಗಳನ್ನು ತಿಂಗಳಿಗೊಮ್ಮೆಯಾದರೂ ನೋಡಿ. ಅಕ್ಕಪಕ್ಕದಲ್ಲಿ ಹುಳು ಸಿಕ್ಕಿದೆ ಎಂದು ಗೊತ್ತಾದರೆ ಎರಡು ವಾರಕ್ಕೊಮ್ಮೆ.

ಒಂದು ಟಾರ್ಚ್, ಉದ್ದನೆಯ ಸ್ಕ್ರೂಡ್ರೈವರ್, ಸಣ್ಣ ಕೊಡಲಿ, ಗುರುತು ಹಾಕಲು ಬಣ್ಣ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಹೋಗಿ. ಆಗ ಸದ್ದು ಕಡಿಮೆ, ವಾಸನೆಯೂ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ಬುಡದ ಕಸ, ಒಣ ಗರಿ ಸರಿಸಿ. ಮರಿಗಳ ನಡುವೆ ಕೈ ಹಾಕುವ ಮುನ್ನ ಟಾರ್ಚ್ ಬಿಟ್ಟು ಹಾವು, ಚೇಳು ಇಲ್ಲವೆಂದು ನೋಡಿಕೊಳ್ಳಿ. ಒಂದೊಂದು ಮರಿಯ ನಡುಗರಿ ಹಿಡಿದು ಎಳೆಯಿರಿ. ಸುಲಭವಾಗಿ ಕಿತ್ತು ಬಂದರೆ, ಒಂದೇ ಒಂದು ಮರಿ ಮಾತ್ರ ಒಣಗಿದ್ದರೆ ಅಲ್ಲಿ ಏನೋ ಇದೆ. ಆಮೇಲೆ ಕಾಂಡದ ಸುತ್ತ ನಿಧಾನಕ್ಕೆ ಬನ್ನಿ. ಹಳೆ ಗರಿಬುಡಗಳ ಸಂದಿಯಲ್ಲಿ ರಸ ಸೋರಿದೆಯೇ ನೋಡಿ. ಹೊಸತಾಗಿದ್ದರೆ ತೆಳುವಾಗಿ ತಿಳಿ ಬಣ್ಣದಲ್ಲಿರುತ್ತದೆ, ದಿನ ಕಳೆದಂತೆ ಕಂದಾಗಿ ಅಂಟಂಟಾಗುತ್ತದೆ, ಒಣಗಿದ ಮೇಲೆ ಕಪ್ಪು ಕಲೆ. ಮೂಗು ಹತ್ತಿರ ತನ್ನಿ. ಹುದುಗು ಬಂದ ಹುಳಿ ವಾಸನೆ ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ.

ನಂತರ ನಾರು. ಕಾಂಡದ ಮೇಲೆ ಹೇಗೂ ಹಳೆ ನಾರಿರುತ್ತದೆ, ಅದರಿಂದ ಹೊಸಬರಿಗೆ ಗೊಂದಲ. ಸಂದಿಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹಿಂಡಿ. ಹಳೆ ನಾರು ಉದ್ದ ಎಳೆಯಾಗಿ ಒಣಗಿರುತ್ತದೆ, ವಾಸನೆ ಇರುವುದಿಲ್ಲ. ಹುಳು ಹೊರದಬ್ಬಿದ್ದು ಕಬ್ಬು ಅಗಿದು ಉಗಿದ ಸಿಪ್ಪೆಯ ಹಾಗೆ ತುಂಡು ತುಂಡಾಗಿ, ಒದ್ದೆಯಾಗಿ, ನಾರುತ್ತಿರುತ್ತದೆ. ಬೆರಳಿಗೆ ಕಂದು ಬಣ್ಣ ಹತ್ತುತ್ತದೆ. ಅದು ಸಿಕ್ಕಿದರೆ ಅನುಮಾನವೇ ಬೇಡ, ಹುಳು ಈಗಲೂ ಒಳಗಿದೆ.

ಅನುಮಾನದ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ಕಾಂಡದಲ್ಲಿ ಅದು ಇಳಿಯುವುದಿಲ್ಲ, ಟೊಳ್ಳಿದ್ದರೆ ಸರಕ್ಕನೆ ಒಳಹೋಗುತ್ತದೆ. ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಿಟ್ಟು ಕೇಳಿ. ದೊಡ್ಡ ಹುಳುಗಳಿದ್ದರೆ ಕಟಕಟ ಅಗಿಯುವ ಸದ್ದು ಕೇಳಬಹುದು. ಬುಡದಲ್ಲಿ ನಾರಿನ ಖಾಲಿ ಗೂಡು ಬಿದ್ದಿದ್ದರೆ ಒಂದು ತಲೆಮಾರು ಆಗಲೇ ಹೊರಬಂದಿದೆ ಎಂದೇ ಲೆಕ್ಕ. ಅಂಥ ಮರಕ್ಕೆ ಬಣ್ಣದ ಗುರುತು ಹಾಕಿ, ಫೋಟೊ ತೆಗೆದು ದಿನಾಂಕ ಬರೆದಿಡಿ.

ಎಲ್ಲ ಗುರುತೂ ಈ ಹುಳುವಿನದ್ದೇ ಆಗಿರುವುದಿಲ್ಲ. ಬಿಚ್ಚಿಕೊಂಡ ಗರಿ ಕತ್ತರಿಯಿಂದ ಕತ್ತರಿಸಿದಂತೆ ಕಂಡರೆ ಅದು ಕುರುವಾಯಿ. ಕಾಂಡದ ಮೇಲೆ ಒಣ ಮಣ್ಣಿನ ಗೆರೆ ಇದ್ದರೆ ಗೆದ್ದಲು. ಗರಿ, ಕೆಳಗಿನ ನೆಲ ಎಲ್ಲ ಅಂಟಂಟಾಗಿ ಮೇಲೆ ಧೂಳು ಕೂತಿದ್ದರೆ ದುಬಾಸ್ ಜಿಗಿಹುಳು. ಒಮಾನ್, ಇರಾಕ್‌ಗಳಲ್ಲಿ ಇದರ ಕಾಟ ದೊಡ್ಡದು, ವಸಂತಕ್ಕೊಮ್ಮೆ, ಶರತ್ತಿಗೊಮ್ಮೆ ಎರಡು ಪೀಳಿಗೆ ಬರುತ್ತದೆ. ಮರಿಹುಳುಗಳು ಆಗಷ್ಟೇ ಹೊರಬಂದಾಗ ಸಿಂಪಡಿಸಿದರೆ ಮಾತ್ರ ಪ್ರಯೋಜನ. ಎಳೆಕಾಯಿ ಕೆಂಪಾಗಿ ಒಣಗಿ ರೇಷ್ಮೆಯಂಥ ಎಳೆಯಲ್ಲಿ ನೇತಾಡುತ್ತಿದ್ದರೆ ಹುಮೈರಾ ಪತಂಗ, ಗೊನೆಗೆ ಬಲೆಚೀಲ ಕಟ್ಟಿ, ಉದುರಿದ್ದನ್ನು ಆರಿಸಿ ನಾಶಮಾಡಿ. ಗೊನೆ ತುಂಬ ಬಲೆ, ಬಲೆ ತುಂಬ ಧೂಳು ಇದ್ದರೆ ನುಸಿ, ಜೋರಾಗಿ ನೀರು ಹೊಡೆದರೇ ಅರ್ಧ ಇಳಿಯುತ್ತದೆ. ಇವು ಯಾವುವೂ ಮರ ಬೀಳಿಸುವುದಿಲ್ಲ.

ನಾಲ್ಕನೇ ಹೆಜ್ಜೆ: ಮೋಹಕ ಬಲೆ, ಇಡಬೇಕಾದವರು ಮಾತ್ರ

ಗಂಡು ದುಂಬಿ ತನ್ನ ಜಾತಿಯವರನ್ನೆಲ್ಲ ಕರೆಯಲು ಒಂದು ವಾಸನೆ ಬಿಡುತ್ತದೆ. ಅದನ್ನೇ ತಯಾರಿಸಿ ಲ್ಯೂರ್ ಎಂದು ಮಾರುತ್ತಾರೆ. ಮುಚ್ಚಳವಿರುವ 5ರಿಂದ 10 ಲೀಟರಿನ ಬಕೆಟ್ ತೆಗೆದುಕೊಳ್ಳಿ, ಕಪ್ಪು ಬಣ್ಣದ್ದು ಉತ್ತಮ. ಮೇಲಂಚಿನ ಕೆಳಗೆ ನಾಲ್ಕು ಕಡೆ ಕಿಟಕಿ ಕೊರೆಯಿರಿ. ದುಂಬಿಗೆ ಹತ್ತಲು ಹಿಡಿತ ಸಿಗಲಿ ಎಂದು ಹೊರಗೆ ಗೋಣಿಚೀಲ ಸುತ್ತಿ. ಮುಚ್ಚಳದ ಒಳಗೆ ಲ್ಯೂರ್ ತೂಗಿಬಿಡಿ. ಬಕೆಟಿಗೆ ಕಾಲು ಕಿಲೋದಷ್ಟು ಕಳಪೆ ಖರ್ಜೂರ, ನೀರು, ಬಿದ್ದ ದುಂಬಿ ಮೇಲೆ ಬಾರದಂತೆ ಸ್ವಲ್ಪ ಸಾಬೂನು ಹಾಕಿ. ನೆರಳಿನಲ್ಲಿ ಅರ್ಧ ಹೂತಿಡಿ. ನೀರು ಒಣಗಿದರೆ ಬಲೆ ಸತ್ತಂತೆಯೇ. ಒಂದೆರಡು ವಾರಕ್ಕೊಮ್ಮೆ ನೀರು, ಹಣ್ಣು ಬದಲಿಸಿ ಬಿದ್ದ ದುಂಬಿ ಎಣಿಸಿ. ಬೇಸಿಗೆಯ ಬಿಸಿಗೆ ಲ್ಯೂರ್ ಬೇಗ ಮುಗಿಯುತ್ತದೆ, ಪೊಟ್ಟಣದ ಮೇಲಿನ ಅವಧಿಯನ್ನು ಪೂರ್ತಿ ನಂಬಬೇಡಿ.

ಇರುವಿಕೆ ತಿಳಿಯಲು ಹೆಕ್ಟೇರಿಗೆ ಒಂದು ಬಲೆ ಸಾಕು. ಬಲೆಯನ್ನು ಮರಕ್ಕೆ ಕಟ್ಟಬೇಡಿ, ಎಳೆ ಮರಗಳ ಹತ್ತಿರವೂ ಬೇಡ. ವಾಸನೆಗೆ ಬಂದ ದುಂಬಿಗಳೆಲ್ಲ ಬಕೆಟಿಗೇ ಬೀಳುವುದಿಲ್ಲ, ಕೆಲವು ಪಕ್ಕದ ಮರದಲ್ಲಿ ಇಳಿಯುತ್ತವೆ. ಅದಕ್ಕೇ ವಿಲ್ಲಾದ ಅಂಗಳದಲ್ಲಿ ಎರಡು ಮೂರು ಮರ ಇಟ್ಟುಕೊಂಡವರಿಗೆ ಬಲೆ ಬೇಡವೇ ಬೇಡ ಎನ್ನುತ್ತೇನೆ. ನೆರೆಹೊರೆಯ ಹುಳುವನ್ನೆಲ್ಲ ನೀವೇ ಕರೆದಂತಾಗುತ್ತದೆ. ಸುತ್ತಲಿನ ತೋಟದವರೆಲ್ಲ ಸೇರಿ ಇಟ್ಟಾಗಲೇ ಬಲೆಗೆ ಅರ್ಥ.

ಐದನೇ ಹೆಜ್ಜೆ: ಹುಳು ಸಿಕ್ಕಿದ ಮರಕ್ಕೆ ಚಿಕಿತ್ಸೆ

ಬೇಗ ಸಿಕ್ಕಿದ್ದರೆ ಮರ ಉಳಿಯುತ್ತದೆ. ಹುಳು ಇರುವ ಮರಿಗಳನ್ನು ಮೊದಲು ತೆಗೆಯಿರಿ. ಕಾಂಡದ ಹಾಳಾದ ಭಾಗವನ್ನು ಉಳಿಯಿಂದ ಕೆತ್ತುತ್ತಾ ಗಟ್ಟಿಯಾದ ಬಿಳಿ ತಿರುಳು ಸಿಗುವವರೆಗೂ ಹೋಗಿ. ಸುರಂಗ ಎತ್ತ ತಿರುಗಿದೆ ನೋಡಿ ಹಿಂಬಾಲಿಸಿ, ಹುಳುಗಳನ್ನು ಸಾಬೂನು ನೀರಿನ ಬಕೆಟಿಗೆ ಹಾಕಿ. ಕೆತ್ತಿದ ಜಾಗಕ್ಕೆ ಕೀಟನಾಶಕ ಬಳಿದು, ನೆಲದ ಹತ್ತಿರವಾದರೆ ಮಣ್ಣು ಏರಿಸಿ ಮುಚ್ಚಿ.

ಸುರಂಗ ಒಳಗೆ ಹೋಗಿದ್ದರೆ ಕಾಂಡಕ್ಕೆ ಔಷಧಿ ತುಂಬಬೇಕು. ಹಾಳಾದ ಜಾಗದ ಸ್ವಲ್ಪ ಮೇಲೆ, ಸುತ್ತಲೂ ನಾಲ್ಕೈದು ಕಡೆ, ಕೆಳಮುಖವಾಗಿ ಓರೆಯಾಗಿ ಸುಮಾರು 20 ಸೆಂಟಿಮೀಟರ್ ಆಳಕ್ಕೆ ಡ್ರಿಲ್ ಮಾಡುತ್ತಾರೆ. ಗಲ್ಫ್‌ನಲ್ಲಿ ಎಮಾಮೆಕ್ಟಿನ್ ಬೆಂಜೊಯೇಟ್ ಹೆಚ್ಚು ಬಳಕೆಯಲ್ಲಿದೆ. ನಮ್ಮಲ್ಲಿ ತೆಂಗಿಗೆ ಇಮಿಡಾಕ್ಲೊಪ್ರಿಡ್ 17.8 ಎಸ್‌ಎಲ್ ಅನ್ನು ಲೀಟರ್ ನೀರಿಗೆ 1 ಮಿಲಿಲೀಟರ್ ಬೆರೆಸಿ ತುಂಬುವುದು ರೂಢಿ. ಖರ್ಜೂರಕ್ಕೆ ಯಾವುದು, ಎಷ್ಟು ಎಂದು ನಿಮ್ಮ ಕಡೆಯ ಕೃಷಿ ಅಧಿಕಾರಿಯನ್ನು ಕೇಳಿಯೇ ಮಾಡಿ. ಕೊರೆದ ತೂತು ಎಂದಿಗೂ ಮುಚ್ಚದ ಕಾರಣ ಅದನ್ನು ಬಿರಡೆ ಹಾಕಿ ಬಂದ್ ಮಾಡಬೇಕು. ಒಳ್ಳೆಯ ಮರಕ್ಕೆ ಮುನ್ನೆಚ್ಚರಿಕೆ ಎಂದು ವರ್ಷವರ್ಷ ಡ್ರಿಲ್ ಮಾಡುವುದು ತಪ್ಪು. ಗೊನೆ ಇರುವಾಗ ಔಷಧಿ ತುಂಬಿದರೆ ಆ ವರ್ಷದ ಹಣ್ಣು ತಿನ್ನಬೇಡಿ, ಕೊಡಲೂಬೇಡಿ.

ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ತೂತಿಗೆ ಹಾಕಿ ಮುಚ್ಚುವ ಪದ್ಧತಿಯೂ ಇದೆ. ಅದರಿಂದ ಬರುವ ಫಾಸ್ಫಿನ್ ಅನಿಲ ಮನುಷ್ಯರನ್ನು ಕೊಲ್ಲುತ್ತದೆ. ಮನೆ ಪಕ್ಕದ ಮರಕ್ಕೆ, ಕೆಲಸದವರ ಕೋಣೆ ಹತ್ತಿರದ ಮರಕ್ಕೆ ಅದನ್ನು ಮುಟ್ಟಲೇಬೇಡಿ. ಯಜಮಾನರು ಹೇಳಿದರೂ ಬೇಡ ಎನ್ನಿ. ಪರವಾನಗಿ, ತರಬೇತಿ ಇರುವವರ ಕೆಲಸ ಅದು.

ಚಿಕಿತ್ಸೆಯಾದ ಎರಡು ವಾರಕ್ಕೆ ಮತ್ತೆ ನೋಡಿ. ಹೊಸ ಹುಡಿ, ಹೊಸ ರಸ ಇಲ್ಲದಿದ್ದರೆ ಔಷಧಿ ಕೆಲಸ ಮಾಡಿದೆ.

ಆರನೇ ಹೆಜ್ಜೆ: ಉಳಿಯದ ಮರವನ್ನು ತೆಗೆಯುವುದು

ಕೆತ್ತಿ ನೋಡಿದಾಗ ಕಾಂಡದ ಸುತ್ತಳತೆಯ ಅರ್ಧದಷ್ಟು ಟೊಳ್ಳಾಗಿದ್ದರೆ, ಅಥವಾ ಸುಳಿಯೇ ಬಾಡಿ ಬಾಗಿದ್ದರೆ ಆಸೆ ಬಿಡಬೇಕು. ಎಷ್ಟೋ ವರ್ಷ ಸಾಕಿದ ಮರ ಕಡಿಯಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಒಳಗೆ ನೂರಾರು ಹುಳು ಇರುವ ಮರ ನಿಂತಿದ್ದಷ್ಟು ದಿನ ಸುತ್ತಲಿನ ಮರಗಳಿಗೆ ಕಂಟಕ. ದಾರಿ ಬದಿ, ಮನೆ ಬದಿ ಇದ್ದರೆ ಜನರ ಜೀವಕ್ಕೂ ಅಪಾಯ.

ಕಡಿದು ಮೂಲೆಗೆ ಎಸೆಯುವುದು ಅತಿ ಕೆಟ್ಟ ಕೆಲಸ. ಬಿದ್ದ ಕಾಂಡದಲ್ಲೇ ಹುಳುಗಳು ದುಂಬಿಯಾಗಿ ಹೊರಬರುತ್ತವೆ. ಬೆಂಕಿಯೂ ಸಾಲದು. ಹಸಿ ಕಾಂಡದಲ್ಲಿ ನೀರು ತುಂಬಿರುವುದರಿಂದ ಹೊರಮೈ ಕರಕಲಾದರೂ ನಡುವಿನ ಹುಳು ಬದುಕಿರುತ್ತದೆ. ಸರಿಯಾದ ದಾರಿ ಯಂತ್ರದಲ್ಲಿ ಚೂರುಚೂರು ಮಾಡಿಸುವುದು. ಗಲ್ಫ್‌ನ ಹಲವು ಕಡೆ ಕೃಷಿ ಇಲಾಖೆ ಅಥವಾ ನಗರಸಭೆಗೆ ತಿಳಿಸಿದರೆ ಯಂತ್ರದ ವ್ಯವಸ್ಥೆ ಸಿಗುತ್ತದೆ. ಊರಿನಲ್ಲಿ ಯಂತ್ರ ಸಿಗದಿದ್ದರೆ ಕಾಂಡವನ್ನು ಅಲ್ಲೇ ತೆಳ್ಳನೆ ಹೋಳು ಮಾಡಿ, ಹುಳು ಗೂಡುಗಳನ್ನು ಆರಿಸಿ ಕೊಂದು, ಹೋಳುಗಳಿಗೆ ಕೀಟನಾಶಕ ಸಿಂಪಡಿಸಿ ಆಳದ ಗುಂಡಿಯಲ್ಲಿ ಹೂಳಿ. ಬೇರಿನ ಮೇಲಿನ ಬೊಡ್ಡೆಯನ್ನೂ ಕಿತ್ತು ತೆಗೆಯಿರಿ, ಹುಳು ಅಲ್ಲೂ ಇರುತ್ತದೆ.

ಅದೇ ದಿನ ಪಕ್ಕದ ತೋಟದವರಿಗೆ ಹೇಳಿ. ಹುಳು ಬಂದಿದ್ದನ್ನು ಮುಚ್ಚಿಟ್ಟರೆ ಅವರ ಮರದಲ್ಲಿ ಬೆಳೆದು ನಿಮ್ಮಲ್ಲಿಗೇ ತಿರುಗಿ ಬರುತ್ತದೆ. ಸುತ್ತಲಿನ ಖರ್ಜೂರ, ತೆಂಗು, ಈಚಲು ಎಲ್ಲವನ್ನೂ ಎರಡು ವಾರಕ್ಕೊಮ್ಮೆ ಕನಿಷ್ಠ ನಾಲ್ಕು ತಿಂಗಳು ನೋಡಿ. ಕಡಿಯುವ ಮೊದಲೇ ಹಾರಿಹೋದ ದುಂಬಿ ಮೊಟ್ಟೆ ಇಟ್ಟಿದ್ದರೆ ಅದರ ಒಂದು ಸುತ್ತು ಮುಗಿಯಲು ಅಷ್ಟು ಸಮಯ ಬೇಕು. ಆ ನಾಲ್ಕು ತಿಂಗಳಲ್ಲಿ ಎಲ್ಲೂ ಒದ್ದೆ ಹುಡಿ ಕಾಣದಿದ್ದರೆ ಖಾಲಿ ಗುಂಡಿಯಲ್ಲಿ ಹೊಸ ಗಿಡ ನೆಡಿ.